ಹದಿನಾರು ಸಾಲಿನೊಳಗ

ಬಸ್ಸಿನ ಹಣಿ ಮ್ಯಾಲ ಹದಿನಾರು ಸಾಲು ದೀಪ.
ಅಷ್ಟೇ ಜಾಗ. ಅಷ್ಟರಾಗ ಒಂದು ಊರು ಕೂಡಬೇಕು,
ತಲೆಕಟ್ಟು, ಕೊಂಬು, ದೀರ್ಘ, ಕೆಳಗೊಂದು ಒತ್ತು,
ಯಾರ ಕಾಲೂ ಯಾರಿಗೂ ತಾಗಬಾರದು.

ಇಂಗ್ಲಿಷಿಗೆ ಏಳು ಸಾಲು ಸಾಕು,
ಕೈ ಬೀಸಿಕೊಂಡು ನಿಂತೇ ಹೋಗೋ ಮಂದಿ ಅವು.
ನಮ್ಮವು ಗಂಟುಮೂಟಿ ಸಮೇತ ಹತ್ತತಾವ,
ಒಂದರ ಮಡಿಲಾಗ ಇನ್ನೊಂದು.

ಕಲಬುರಗಿ ಡಿಪೋದ ತಗಡಿನ ಕೋಣಿಯೊಳಗ
ಚೌಕಳಿ ಹಾಳಿ ಹಾಸಿ
ಪೆನ್ಸಿಲ್ಲಿಲೆ ಒಂದೊಂದೇ ಮನಿ ತುಂಬತಿದ್ದೆ.
ಆಳಂದ ಸಲೀಸು ಕೂತಿತು.
ಜೇವರ್ಗಿಯ ಅರ್ಕಾವತ್ತು ಮೂರು ರಾತ್ರಿ ತಿಂತು.
ಸೇಡಂ ಕೊನೀ ಸೊನ್ನಿ ದುಂಡಗ ಆಗಲೇ ಇಲ್ಲ,
ಎಂಟು ದೀಪ, ನಡುವ ಒಂದು ಕತ್ತಲಿ,
ಇರಲಿ, ಸೊನ್ನಿ ಅಂತ ನಂಬತಾರ ಮಂದಿ.

ಮೂಗು ಹಚ್ಚಿ ನೋಡಿದರ
ಮಾಳಿಗಿ ಮ್ಯಾಲ ತೊಗರಿ ಒಣಹಾಕಿದಂಗ, ಬರೀ ಕಾಳು.
ಹತ್ತು ಮಾರು ಹಿಂದ ಸರದರ ಊರು.
ಹತ್ತಿರದಿಂದ ಓದಲಿಕ್ಕೆ ಬರದ ಅಕ್ಷರ ಇವು.

ಸಂಜಿ ಆರೂವರಿ ಚಿತ್ತಾಪುರ ಗಾಡಿ.
ಒಂದಿನ ಅದರ ತಕಾರದ ಒತ್ತು
ಹನ್ನೊಂದು ದೀಪ ಒಮ್ಮಿಗೇ ಆರಿ ಸತ್ತಿತು.
ಚಿತಾಪುರ, ಚಿತಾಪುರ ಅಂತ
ಕೆಂಪಗ ಉರಕೋತ ಓಡಾಡ್ತು ಗಾಡಿ.
ಕಂಡಕ್ಟರ್ ಅಣವೀರ ಕೂಗಾವ:
'ಬರ್ರಿ, ಸೀದಾ ಒಯ್ಯತೀವಿ, ವಾಪಸ್ ಟಿಕೀಟು ಕೊಡಂಗಿಲ್ಲ!'
ಓದು ಬಲ್ಲವರು ಒಬ್ಬಿಬ್ಬರು
ನಕ್ಕೋತ ನಕ್ಕೋತ ಮುಂದಿನ ಗಾಡಿಗೆ ನಿಂತರು.

ಎಂಟು ತಿಂಗಳು ಸಾಮಾನು ಬರಲಿಲ್ಲ.
ಬಂದ ದಿನಾನೇ ಹಾಕಿದೆ. ಒತ್ತು ಹೊತ್ತಿತು.
ನನಗೂ ಎದಿ ಒಂದೀಟು ಹಗರಾತು.

ಅವತ್ತು ಗಾಡಿ ಗುರುಗುಟ್ಟಿದರೂ
ಹತ್ತಲಿಲ್ಲ ಗಮನಿಬಾಯಿ,
ಏಳು ತಿಂಗಳಿಂದ ಆಸ್ಪತ್ರಿ ಅಡಗಿಮನಿಗೆ ಬರಾಕಿ.
'ಯಾಕವ್ವಾ, ನಿಂದೇ ಗಾಡಿ ಅಲ್ಲೇನು?'
'ಅಲ್ಲ. ನಂದು ಕೆಳಗ ಖಾಲಿ ಇರ್ತದ.'

ಓದು ಬರಂಗಿಲ್ಲ. ಎಣಿಕಿ ಬರ್ತದ.
ಊಟದ ಡಬ್ಬಿ ಸುತ್ತಿದ ಕರೀ ಅರಿವಿ ಬಿಚ್ಚಿ
ನನ್ನ ಮುಂದ ಹಿಡದಳು:
ಒಂದೊಂದು ದೀಪಕ್ಕ ಒಂದೊಂದು ಕೆಂಪು ಗಂಟು.
ದಿನಕ್ಕೊಂದು ಸಾಲು ನಿಂತು ಎಣಿಸಿ,
ದಾರಿಯುದ್ದಕ್ಕೂ ಬಾಯಿಲೇ ಹೇಳಿಕೋತ ಹೋಗಿ
ರಾತ್ರಿ ಸೂಜಿಲೇ ಇಳಿಸಿದ್ದು.

ಚಿ. ತಾ. ಪು. ರ.
ಪುಕಾರದ ಕೊಂಬಿನಾಗ ನಾನು ತಪ್ಪಿ ಬಿಟ್ಟಿದ್ದ
ಒಂದೇ ಒಂದು ಮನಿ,
ಸಾಹೇಬರು ಕಂಡಿದ್ದಿಲ್ಲ, ನಾನೂ ಮರತಿದ್ದೆ,
ಅಲ್ಲಿ ಆಕೀ ಸೂಜಿನೂ ಜಿಗಿದು ಮುಂದ ಹೋಗಿತ್ತು.

ನನ್ನ ಅಕ್ಷರ ಅಷ್ಟು ಸಾವಕಾಶ
ಯಾರೂ ಓದಿದ್ದಿಲ್ಲ.

'ತ ಕೆಳಗ ಇನ್ನೊಂದು ತ ಇರಬೇಕವ್ವಾ,
ದೀಪ ಸತ್ತು ಇಷ್ಟು ದಿನ ಕಾಣ್ತಿದ್ದಿಲ್ಲ' ಅಂದೆ.
ಬೋರ್ಡು ನೋಡಿದಳು, ಅರಿವಿ ನೋಡಿದಳು.
'ಅದಿಲ್ಲದಾನೂ ಗಾಡಿ ಊರು ಮುಟ್ಟತಿತ್ತಲ್ಲ.'

ಇದಕ್ಕೇನು ಹೇಳಬೇಕು?
ಅಣವೀರ ಸೀಟಿ ಊದಿದ.
ಹತ್ತಿ ಕೂತು, ಕಿಟಕಿಯಾಗಿಂದ ತಲಿ ಹೊರಗ ಹಾಕಿ
'ಎಷ್ಟು ಗಂಟು ಬೀಳತಾವ ಅದಕ್ಕ?' ಅಂದಳು.
ಹನ್ನೊಂದು, ಅಂತ ಒದರಿದೆ.
ಬೆರಳು ಮಡಚಿಕೋತ ಹೋದಳು ಹುಮನಾಬಾದ್ ಧೂಳಿನ ಗಾಡಿ ಹಿಂದ ಮರಿಯಾಗಿ.

ಹೊಸಾ ಬೋರ್ಡು ಬರತಾವಂತ ಈಗ,
ಟೀವಿ ಹಂಗ ನುಣ್ಣಗ,
ಎಣಿಸಲಿಕ್ಕೆ ಒಂದು ಕಾಳೂ ಇರಂಗಿಲ್ಲ ಅದರಾಗ.
ಚೌಕಳಿ ಹಾಳಿ ಮ್ಯಾಲ ಡ್ರೈವರುಗಳು ಚುರುಮುರಿ ತಿಂತಾರ.

ಆರೂವರಿ ಗಾಡಿ ಮಾತ್ರ ಇನ್ನೂ ಹಳೇದು.
ಪುಕಾರದ ಆ ಖಾಲಿ ಮನಿ
ಒಂದು ಗಳಿಗಿ ಕೆಲಸ, ನಾ ತುಂಬಿಲ್ಲ.
ಅದು ಖಾಲಿ ಅಂತ ಗೊತ್ತಿದ್ದವರು ಇಬ್ಬರೇ,
ಅದರಾಗ ಒಬ್ಬಾಕಿಗೆ ಅದು ತಪ್ಪಲ್ಲ.